ಗೋಡೆಗೆ ಒತ್ತಿದ ಮಂಚ

ಭಾನುವಾರ, ೧೪ನೇ ತಾರೀಖು
ಮಧ್ಯಾಹ್ನ ಎರಡೂವರೆ

ಗುಬ್ಬೀ,

ಲಕೋಟೆಯ ಮೇಲೆ ಅಮ್ಮನ ಅಕ್ಷರ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ, ನನಗೆ ಗೊತ್ತು. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಆರು ದಿನ ಪ್ರವಾಸಿಗರನ್ನು ವ್ಯಾನಿನಲ್ಲಿ ಸುತ್ತಾಡಿಸಿ ಇವತ್ತು ಬೆಳಿಗ್ಗೆ ಬಂದರು, ಉಂಡರು, ಈಗ ದಿನಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಒಂದೊಂದು ಗೊರಕೆಗೂ ಪತ್ರಿಕೆ ಎದ್ದು ಕೂರುತ್ತಿದೆ. ನಾನು ಅಡುಗೆಮನೆಯ ಮೇಜನ್ನು ಒರೆಸಿ, ಒಣಗುವವರೆಗೂ ಕಾದು, ಬರೆಯಲು ಕೂತಿದ್ದೇನೆ.

ಫೋನ್ ಇರುವಾಗ ಇದೇನು ಕಾಗದ ಅನ್ನುತ್ತೀಯ. ನಾಲ್ಕು ತಿಂಗಳಿಂದ ಫೋನಿನಲ್ಲಿ ನೀನು ಆಡುವುದು ಮೂರೇ ಮಾತು. ಊಟ ಆಯ್ತು, ಚೆನ್ನಾಗಿದ್ದೀನಿ, ಇಡ್ತೀನಿ. ಅದರಲ್ಲಿ ಕೊನೆಯದನ್ನು ಮಾತ್ರ ಮನಸ್ಸಿಟ್ಟು ಹೇಳುತ್ತೀಯ. ಇದು ದೂರು ಅಂದುಕೊಳ್ಳಬೇಡ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳೋಣ ಅಂತ ಕೂತಿದ್ದೇನೆ, ಅಷ್ಟೆ.

ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ಈ ತಿಂಗಳ ಕೊನೆಗೆ ನಿನ್ನ ಹೋಟೆಲಿನವರಿಗೆ ನೀನು ಕೊಡಬೇಕಾದ ಸರ್ಟಿಫಿಕೇಟ್ ಬರುವುದಿಲ್ಲ. ಅದನ್ನು ತಡೆಹಿಡಿದಿದ್ದಾರೆ. ತಡೆಹಿಡಿಯುವಂತೆ ಮಾಡಿದವಳು ನಾನೇ.

ಈಗ ಕಾಗದ ಹರಿಯಬೇಕು ಅನಿಸುತ್ತಿದ್ದರೆ ಒಂದು ಲೋಟ ನೀರು ಕುಡಿ. ಪೂರ್ತಿ ಓದು. ಆಮೇಲೆ ಹರಿದರೂ ನನಗೆ ಬೇಜಾರಿಲ್ಲ.

ನಮ್ಮ ಹೋಟೆಲ್ ಶಾಲೆಯ ಅಭ್ಯಾಸದ ಕೋಣೆ ನಿನಗೆ ಮರೆತಿರಲಾರದು. ನೀನು ಸೇರುವ ಹಿಂದಿನ ವರ್ಷದವರೆಗೂ ಅದು ಸರಿಯಾದ ಕೋಣೆಯೇ ಆಗಿತ್ತು. ನಡುವೆ ಮಂಚ, ಎರಡು ಕಡೆ ಓಡಾಡಲು ಜಾಗ, ಪಕ್ಕದಲ್ಲಿ ಸ್ನಾನದ ಮನೆ. ಆಮೇಲೆ ಪ್ರಾಂಶುಪಾಲರಿಗೆ ಮುಂಬಾಗಿಲಲ್ಲಿ ಒಂದು ದೊಡ್ಡ ಸ್ವಾಗತದ ಕೌಂಟರ್ ಬೇಕು ಅನಿಸಿತು. ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು ಮೊದಲು ನೋಡುವುದೇ ಅದನ್ನಂತೆ. ಅಮೃತಶಿಲೆಯ ಕೌಂಟರ್ ಬಂತು, ಅದರ ಹಿಂದೆ ಗೋಡೆ ಬಂತು, ನಮ್ಮ ಕೋಣೆ ಅರ್ಧವಾಯಿತು. ಮಂಚ ಗೋಡೆಗೆ ಒತ್ತಿಕೊಂಡಿತು. ಒಂದು ಕಡೆ ನಿಂತು ಹಾಸಬಹುದು, ಇನ್ನೊಂದು ಕಡೆಗೆ ಹೋಗುವ ಹಾಗೇ ಇಲ್ಲ.

ಆಗ ಒಂದು ಉಪಾಯ ಹುಡುಕಿದವಳು ನಾನು. ಗೋಡೆಯ ಬದಿಗೆ ಬೆಡ್‌ಶೀಟ್ ಸಿಕ್ಕಿಸಬೇಕಾದರೆ ಮಂಚದ ಮೇಲೆ ಮೊಣಕಾಲೂರಿ ಹತ್ತಿ, ಬಗ್ಗಿ ಸಿಕ್ಕಿಸಿ, ಹಿಂದಕ್ಕೆ ಜಾರಿ ಇಳಿಯಿರಿ ಅಂದೆ. ಸದ್ಯಕ್ಕೆ ಹೀಗೆ ಮಾಡಿ, ಹೋಟೆಲಿಗೆ ಹೋದ ಮೇಲೆ ತಾನಾಗಿಯೇ ಬರುತ್ತದೆ ಅಂತಲೂ ಸೇರಿಸಿದೆ. ಹದಿನೆಂಟು ವರ್ಷ ಹೋಟೆಲಿನ ಮಹಡಿಗಳಲ್ಲಿ ದಿನಕ್ಕೆ ಹದಿನಾಲ್ಕು ಕೋಣೆ ಅಣಿಮಾಡಿದವಳು ನಾನು. ಅತಿಥಿಯ ಹಾಸಿಗೆಗೆ ಮೊಣಕಾಲು ತಾಗಿಸಿದವರನ್ನು ಅವತ್ತೇ ಮನೆಗೆ ಕಳಿಸಿದ್ದನ್ನು ಈ ಕಣ್ಣಲ್ಲಿ ನೋಡಿದವಳು. ಆದರೂ ಹಾಗೆ ಕಲಿಸಿದೆ. ಒಂದು ವಾರ ಮುಜುಗರವಾಯಿತು, ಎರಡನೇ ವಾರ ಅಭ್ಯಾಸವಾಯಿತು, ಮೂರನೇ ವಾರ ಅದೇ ಪಾಠವಾಯಿತು.

ನೀವೆಲ್ಲ ನನಗೆ ಬೆಡ್‌ಶೀಟ್ ಮೇಡಂ ಅಂತ ಹೆಸರಿಟ್ಟಿದ್ದಿರಿ. ತರಗತಿಯಲ್ಲಿ ನೀನೂ ಮೇಡಂ ಅಂತಲೇ ಕರೆದು, ಮನೆಗೆ ಬಂದು ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ನಡಿಗೆ ಅಣಕಿಸುತ್ತಿದ್ದೆ. ನಿಮ್ಮಪ್ಪ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನನಗೂ ನಗು ಬರುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಇನ್ನು ಆ ಇನ್ನೂರು ಗಂಟೆಗಳ ವಿಷಯ. ಪ್ರತಿ ವಿದ್ಯಾರ್ಥಿಯೂ ನಡೆಯುತ್ತಿರುವ ಹೋಟೆಲೊಂದರಲ್ಲಿ ಇನ್ನೂರು ಗಂಟೆ ಕೆಲಸ ಮಾಡಬೇಕು, ಅದನ್ನು ದಿನಚರಿ ಪುಸ್ತಕದಲ್ಲಿ ಬರೆದು ನಾನು ಸಹಿ ಹಾಕಬೇಕು. ನಮಗೂ ಒಂದು ಹೋಟೆಲಿಗೂ ಇದ್ದ ಒಪ್ಪಂದ ಮುಗಿದುಹೋಗಿತ್ತು, ಹೊಸದನ್ನು ಮಾಡಿಕೊಳ್ಳಲು ಯಾರೂ ಓಡಾಡಲಿಲ್ಲ. ವರ್ಷದ ಕೊನೆಗೆ ಪ್ರಾಂಶುಪಾಲರು ಪುಸ್ತಕಗಳ ಕಂತೆ ತಂದು ನನ್ನ ಮುಂದಿಟ್ಟರು. ಮೂವತ್ತೊಂದು ಪುಸ್ತಕ. ನಾನು ಸಹಿ ಹಾಕಿದೆ. ಪರೀಕ್ಷೆಯ ಹಿಂದಿನ ದಿನ ತಿಂಡಿ ತಿನ್ನುತ್ತಾ ನಿನ್ನ ಪುಸ್ತಕ ತೆರೆದು ನೋಡಿ ನೀನು ಕೇಳಿದೆ, "ಅಮ್ಮಾ, ನಾವು ಎಲ್ಲಿಗೂ ಹೋಗೇ ಇಲ್ವಲ್ಲ?" ಎಲ್ಲರದೂ ಹಾಗೇ ಇದೆ, ನೀನು ತಲೆ ಕೆಡಿಸಿಕೊಳ್ಳಬೇಡ, ತಣ್ಣಗಾಗುವ ಮೊದಲು ತಿನ್ನು ಅಂದೆ. ನೀನು ಪುಸ್ತಕ ಮುಚ್ಚಿದೆ. ಅವತ್ತು ನೀನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದುಹೋದದ್ದು ಪರೀಕ್ಷೆಯ ಭಯಕ್ಕೆ ಅಂತ ನಾನು ನಿಮ್ಮಪ್ಪನಿಗೆ ಹೇಳಿದೆ.

ಯಾಕೆ ಸಹಿ ಹಾಕಿದೆ ಅಂತ ನೀನು ಕೇಳಿದರೆ ನನ್ನ ಬಳಿ ಆಗ ಒಂದು ಉತ್ತರ ಸಿದ್ಧವಿತ್ತು. ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ. ಶಿಕ್ಷಕರ ಕೋಣೆಯಲ್ಲಿ ನಾವೆಲ್ಲ ಚಹಾ ಕುಡಿಯುತ್ತಾ ದಿನಾ ಹಾಡುತ್ತಿದ್ದ ರಾಗ ಅದು. ಅಡುಗೆ ಕಲಿಸುವವರು ಹೇಳುತ್ತಿದ್ದರು, ಬಡಿಸುವುದನ್ನು ಕಲಿಸುವವರು ಹೇಳುತ್ತಿದ್ದರು, ಎಲ್ಲರಿಗಿಂತ ಜೋರಾಗಿ ನಾನು ಹೇಳುತ್ತಿದ್ದೆ. ತೂಕಡಿಸುತ್ತಾರೆ, ಮೊಬೈಲು ನೋಡುತ್ತಾರೆ, ಕಳಿಸಿದರೂ ಏನು ಕಲಿಯುತ್ತಿದ್ದರು. ಅಡುಗೆ ತರಗತಿಯಲ್ಲಿ ಗ್ಯಾಸ್ ಇಲ್ಲ, ಊಟ ಬಡಿಸುವ ತರಗತಿಯಲ್ಲಿ ಖಾಲಿ ಬಟ್ಟಲಿನಿಂದ ಖಾಲಿ ತಟ್ಟೆಗೆ ಬಡಿಸಿ "ಇನ್ನೂ ಸ್ವಲ್ಪ ಬೇಕೇ" ಅಂತ ಕೇಳಬೇಕು. ಅದನ್ನು ಎರಡು ವರ್ಷ ಮಾಡಿಸಿ ಮಕ್ಕಳು ಆಕಳಿಸಿದರೆ ಮಕ್ಕಳದೇ ತಪ್ಪು ಅಂದೆವು.

ಅದಕ್ಕೂ ಪ್ರಾಂಶುಪಾಲರು ಮದ್ದು ತಂದಿದ್ದರಲ್ಲ, ನೆನಪಿದೆಯಾ? ಕೋಟು ಹಾಕಿದ ಒಬ್ಬರು ಬಂದು ಕಣ್ಣು ಮುಚ್ಚಿಸಿ, ಎದೆಗೆ ಗುದ್ದಿಸಿ, ನಾನು ಗೆಲ್ಲುತ್ತೇನೆ ನಾನು ಗೆಲ್ಲುತ್ತೇನೆ ಅಂತ ಎರಡು ಗಂಟೆ ಕೂಗಿಸಿದರು. ನೀವು ಹೊರಗೆ ಬಂದಾಗ ಗಂಟಲು ಕಟ್ಟಿತ್ತು. ಯಾವುದರಲ್ಲಿ ಗೆಲ್ಲಬೇಕು ಅಂತ ಹೇಳಲಿಲ್ಲ ಕಣಮ್ಮಾ ಅಂತ ನೀನು ಬಸ್ಸಿನಲ್ಲಿ ಹೇಳಿದೆ. ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಆಮೇಲೆ ನಿನಗೆ ಕೆಲಸ ಸಿಕ್ಕಿತು. ಹತ್ತು ಮಹಡಿಯ ಹೋಟೆಲು, ಉಳಿಯಲು ಜಾಗ, ಐದು ತಿಂಗಳೊಳಗೆ ಸರ್ಟಿಫಿಕೇಟ್ ಕೊಟ್ಟರೆ ಕಾಯಂ. ನಾನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೂರನೆಯ ದಿನ ಏನಾಯಿತು ಅಂತ ನೀನು ಇವತ್ತಿನವರೆಗೂ ನನಗೆ ಹೇಳಿಲ್ಲ. ನಿಮ್ಮ ಹೋಟೆಲಿನ ಲಾಂಡ್ರಿಯಲ್ಲಿರುವ ನನ್ನ ಹಳೆಯ ಗೆಳತಿ ಮೈಕಮ್ಮ ಇದ್ದಾಳಲ್ಲ, ಅವಳು ಫೋನ್ ಮಾಡಿ ಹೇಳಿದಳು. ಅವಳ ಹೊಟ್ಟೆಯಲ್ಲಿ ಯಾವ ಸುದ್ದಿಯೂ ನಿಲ್ಲುವುದಿಲ್ಲ ಅಂತ ನಿನಗೂ ಗೊತ್ತು.

ನಾಲ್ಕನೆಯ ಮಹಡಿಯಲ್ಲಿ ಕಿಟಕಿಗೆ ಹಸಿರು ಪರದೆ ಇದ್ದ ಕೋಣೆ. ನೀನು ಒಂದು ಬದಿ ಚೆನ್ನಾಗಿ ಹಾಸಿದೆ, ಮೂಲೆಯನ್ನು ಲಕೋಟೆಯ ಹಾಗೆ ಮಡಿಸಿದೆ. ಆಮೇಲೆ, ಸುತ್ತಲೂ ಬೇಕಾದಷ್ಟು ಜಾಗ ಇದ್ದರೂ, ಮಂಚದ ಮೇಲೆ ಮೊಣಕಾಲೂರಿ ಹತ್ತಿದೆ. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಳು. ಅವಳು ಕಿರುಚಲಿಲ್ಲ, ಮೆಲ್ಲಗೇ ಕೇಳಿದಳು, "ಯಾರಮ್ಮ ನಿಂಗೆ ಹೀಗೆ ಹಾಸೋದು ಕಲ್ಸಿದ್ದು?" ನೀನು ಉತ್ತರ ಕೊಡಲಿಲ್ಲ. ಬಿಳಿ ಬೆಡ್‌ಶೀಟಿನ ಮೇಲೆ ಎರಡು ಮೊಣಕಾಲಿನ ಗುರುತು ಬಿದ್ದಿತ್ತು, ಅದನ್ನು ಅಂಗೈಯಿಂದ ಸವರುತ್ತಾ ನಿಂತೆ. ಅವಳು ಎರಡನೇ ಸಲ ಕೇಳಿದಳು. ಆಗಲೂ ನೀನು ಬಾಯಿ ಬಿಡಲಿಲ್ಲ. ಅವತ್ತಿನಿಂದ ನಿನ್ನನ್ನು ಕೆಳಗೆ ಬಟ್ಟೆ ಮಡಿಸಲು ಹಾಕಿದರು.

ಅಮ್ಮ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಮಾನ ಕಾಪಾಡಲು ನೀನು ದಡ್ಡಿ ಅನಿಸಿಕೊಂಡೆ. ಗುಬ್ಬೀ, ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ನಿನ್ನ ಬಗ್ಗೆ ಹೆಮ್ಮೆಯೂ ಆಗುತ್ತದೆ.

ನಿನ್ನನ್ನು ಕೆಳಗೆ ಹಾಕಿದ ಮುಂದಿನ ಸೋಮವಾರವೇ ನಾನು ಶಾಲೆಗೆ ಹೋದವಳು ಈ ವರ್ಷದ ಮಕ್ಕಳನ್ನು ಕರೆದು ಮಂಚ ಎತ್ತಿ ಅಂದೆ. ಅರ್ಧ ಕೋಣೆಯಲ್ಲಿ ಅದನ್ನು ಎಲ್ಲಿ ಎಳೆದರೂ ಯಾವುದೋ ಗೋಡೆಗೆ ತಾಗುತ್ತದೆ. ಬಾಗಿಲ ಮೂಲಕ ಹೊರಗೆ ತಂದು ಪಡಸಾಲೆಯ ನಡುವೆ ಇಟ್ಟೆವು. ಬೇರೆ ತರಗತಿಯವರು ಓಡಾಡುವ ದಾರಿ ಅದು. ಅಡುಗೆ ಕಲಿಸುವವರು ಇದೇನು ಆಸ್ಪತ್ರೆಯಾ ಅಂತ ಕೇಳಿದರು. ಪ್ರಾಂಶುಪಾಲರು ಬಂದು ಮಂಚವನ್ನು ನೋಡಿದರು, ನನ್ನ ಮುಖ ನೋಡಿದರು, ಇಸ್ತ್ರಿ ಮಾಡಿಟ್ಟ ಹಾಗಿರುವ ಅವರ ನಗುವನ್ನು ನಕ್ಕು ವಾಪಸು ಹೋದರು.

ಎರಡು ಬದಿಗೂ ಸುತ್ತಿ, ಮಂಚಕ್ಕೆ ಮೈ ತಾಗಿಸದೆ, ಒಂದೇ ಸುತ್ತಿನಲ್ಲಿ ಹಾಸುವುದನ್ನು ತೋರಿಸಿದೆ. ನಾಲ್ಕು ನಿಮಿಷವಾಯಿತು. ಮೊದಲು ಮೂರಕ್ಕೆ ಮುಗಿಸುತ್ತಿದ್ದೆ, ಸೊಂಟ ಈಗ ಹೇಳಿದ ಮಾತು ಕೇಳುವುದಿಲ್ಲ. ಈ ವರ್ಷ ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರೂ ಅವಳನ್ನು ಕಡೇ ಬೆಂಚು ಅಂತಲೇ ಕರೆಯುವುದು. ಹಾಜರಿ ಕೂಗಿದಾಗ ಮಾತ್ರ ಕಣ್ಣು ಬಿಡುತ್ತಿದ್ದಳು. ಅವಳು ಮುಂದೆ ಬಂದು ನನ್ನ ಕೈಯಿಂದ ಬೆಡ್‌ಶೀಟ್ ತೆಗೆದುಕೊಂಡಳು. ಏಳು ನಿಮಿಷ, ಐದೂವರೆ, ಐದು. ಊಟದ ಗಂಟೆ ಹೊಡೆದರೂ ಯಾರೂ ಹೋಗಲಿಲ್ಲ, ಕೈಗಡಿಯಾರ ಹಿಡಿದು ಒಬ್ಬರ ಸಮಯ ಇನ್ನೊಬ್ಬರು ನೋಡುತ್ತಾ ಜಗಳಕ್ಕೆ ಬಿದ್ದಿದ್ದರು. ಹೊರಡುವಾಗ ಅವಳು ಕೇಳಿದಳು, "ಮೇಡಂ, ಮೊದ್ಲೇ ಯಾಕೆ ಹೀಗೆ ಕಲಿಸ್ಲಿಲ್ಲ?" ನಾಳೆ ಬೇಗ ಬಾ ಅಂದೆ. ಮಾರನೆಯ ದಿನ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು.

ಹೋದ ಮಂಗಳವಾರ ಮಂಡಳಿಯಿಂದ ತಪಾಸಣೆಗೆ ಇಬ್ಬರು ಬಂದರು, ಒಬ್ಬರು ಗಂಡಸು, ಒಬ್ಬರು ಹೆಂಗಸು. ಶಾಲೆಯ ಮಾನ್ಯತೆಯನ್ನೂ ನಿಮ್ಮ ತಂಡದ ಸರ್ಟಿಫಿಕೇಟುಗಳನ್ನೂ ಒಟ್ಟಿಗೆ ನೋಡುವುದಿತ್ತು. ಹಿಂದಿನ ದಿನವೇ ಪ್ರಾಂಶುಪಾಲರು ಮಂಚವನ್ನು ಒಳಗೆ ಸೇರಿಸಿ ಗೋಡೆಗೆ ಒತ್ತಿಸಿದ್ದರು. ಬಂದವರು ಮಕ್ಕಳಿಗೆಲ್ಲ ಒಂದು ನಮೂನೆ ಕೊಟ್ಟರು. ಕಲಿಯಲು ನಿಮಗೆ ಎಷ್ಟು ಆಸಕ್ತಿ ಇದೆ, ಒಂದರಿಂದ ಐದರೊಳಗೆ ಗುರುತು ಹಾಕಿ ಅಂತ. ಐದಕ್ಕೇ ಹಾಕಬೇಕು ಅಂತ ಪ್ರಾಂಶುಪಾಲರು ಮೊದಲೇ ಪಾಠ ಮಾಡಿಸಿದ್ದರು. ಎಲ್ಲರೂ ಐದಕ್ಕೆ ಹಾಕಿದರು. ಕಡೇ ಬೆಂಚು ಎರಡಕ್ಕೆ ಹಾಕಿ ಪಕ್ಕದಲ್ಲಿ ಬರೆದಿದ್ದಳು: ಮಂಚ ಗೋಡೆ ಬಿಟ್ಟು ಬಂದ ಮೇಲೆ ನಾಲ್ಕು.

ಆ ಹೆಂಗಸು ಅದನ್ನು ಓದಿ ಕನ್ನಡಕ ತೆಗೆದರು. ಯಾವ ಮಂಚ ಅಂತ ಕೇಳಿದರು. ಕೋಣೆಗೆ ಹೋಗಿ ನೋಡಿದರು. ಗೋಡೆಯ ಬದಿ ಹೇಗೆ ಹಾಸುತ್ತೀರಿ ಅಂತ ಕೇಳಿದಾಗ ಕಡೇ ಬೆಂಚು ಸುಮ್ಮನೆ ಮೊಣಕಾಲೂರಿ ತೋರಿಸಿದಳು. ಆಮೇಲೆ ಅವರು ನಿಮ್ಮ ತಂಡದ ದಿನಚರಿ ಪುಸ್ತಕಗಳನ್ನು ತರಲು ಹೇಳಿ ಚಹಾಕ್ಕೆ ಹೋದರು.

ಈಗ ಬರೆಯುವುದನ್ನು ನಿಧಾನವಾಗಿ ಓದು. ನಾನು ಬೀರುವಿನ ಮುಂದೆ ಪುಸ್ತಕ ತೆಗೆಯುತ್ತಿದ್ದಾಗ ಪ್ರಾಂಶುಪಾಲರು ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಮಗಳ ಪುಸ್ತಕ ಒಂದನ್ನ ಪಕ್ಕಕ್ಕಿಡಿ ಮೇಡಂ. ಅವಳು ಹೇಗೂ ಹೋಟೆಲಲ್ಲೇ ಇದ್ದಾಳೆ, ತಾರೀಖು ಸ್ವಲ್ಪ ಹೊಂದಿಸಿದ್ರೆ ಅವಳ ಗಂಟೆ ನಿಜಾನೇ ಆಗುತ್ತೆ." ಅವರು ಕೆಟ್ಟವರಲ್ಲ, ನನಗೆ ಉಪಕಾರ ಮಾಡಲೆಂದೇ ಹೇಳಿದರು. ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನಿನ್ನ ಪುಸ್ತಕ ನನ್ನ ಕೈಯಲ್ಲೇ ಇತ್ತು. ಅದನ್ನು ಬೀರುವಿನ ಮೇಲಿನ ಅರೆಯಲ್ಲಿ ಇಟ್ಟೂಬಿಟ್ಟೆ. ಎರಡು ಹೆಜ್ಜೆ ಬಂದೆ. ನಾಲ್ಕು ತಿಂಗಳಲ್ಲಿ ನೀನು ಟವೆಲ್ ಮಡಿಸಿದ್ದೀಯ, ಒಂದು ಹಾಸಿಗೆಯನ್ನೂ ಹಾಸಿಲ್ಲ. ಈ ಸರ್ಟಿಫಿಕೇಟ್ ಹಿಡಿದು ನೀನು ಮತ್ತೆ ಮೇಲಿನ ಮಹಡಿಗೆ ಹೋದರೆ ಮತ್ತೆ ಮೊಣಕಾಲೂರುತ್ತೀಯ, ಮತ್ತೆ ಯಾರೋ ಕೇಳುತ್ತಾರೆ, ಮತ್ತೆ ನೀನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೀಯ. ಮಿಕ್ಕ ಮೂವತ್ತು ಮಕ್ಕಳ ಅಮ್ಮಂದಿರಿಗೆ ಹೀಗೆ ಪುಸ್ತಕ ಎತ್ತಿಡುವ ಅವಕಾಶವೂ ಇಲ್ಲ. ವಾಪಸು ಹೋಗಿ ತೆಗೆದುಕೊಂಡು ಬಂದೆ, ಎಲ್ಲಕ್ಕಿಂತ ಮೇಲೆ ನಿನ್ನದನ್ನೇ ಇಟ್ಟೆ.

ಇದು ನಿಮ್ಮ ಸಹಿಯೇ ಅಂತ ಆ ಹೆಂಗಸು ಕೇಳಿದರು. ಹೌದು ಅಂದೆ. ಈ ಗಂಟೆಗಳು ನಡೆದಿವೆಯೇ ಅಂತ ಕೇಳಿದರು. "ಒಂದೂ ನಡೆದಿಲ್ಲ. ಈ ಮೇಲಿನದು ನನ್ನ ಮಗಳದು, ಅದೂ ನಡೆದಿಲ್ಲ" ಅಂದೆ. ಪ್ರಾಂಶುಪಾಲರ ಮುಖದ ಇಸ್ತ್ರಿ ಹೋಯಿತು. ಪಾಪ, ಅವರಿಗೆ ಒಂದು ಲೋಟ ನೀರು ತಂದುಕೊಟ್ಟವಳೂ ನಾನೇ.

ಮೂವತ್ತೊಂದು ಸರ್ಟಿಫಿಕೇಟೂ ಸದ್ಯಕ್ಕೆ ಇಲ್ಲ. ಮೂರು ತಿಂಗಳೊಳಗೆ ಯಾವುದಾದರೂ ಹೋಟೆಲಿನಲ್ಲಿ ಇನ್ನೂರು ಗಂಟೆ ನಿಜವಾಗಿ ಮುಗಿಸಿ, ಅಲ್ಲಿನ ಮೇಲ್ವಿಚಾರಕರಿಂದ ಸಹಿ ತಂದವರಿಗೆ ಕೊಡುತ್ತಾರೆ. ಶಾಲೆಗೆ ಒಂದು ವರ್ಷದ ಗಡುವು ಕೊಟ್ಟಿದ್ದಾರೆ. ಕೌಂಟರಿನ ಹಿಂದಿನ ಗೋಡೆ ಒಡೆಸುತ್ತಾರಂತೆ. ಮುಂದಿನ ವರ್ಷದ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಇರಲೂಬಾರದು. ಒಂದನೇ ತಾರೀಖಿನಿಂದ ಬಸ್ ನಿಲ್ದಾಣದ ಎದುರಿನ ವಸತಿಗೃಹಕ್ಕೆ ಕೆಲಸಕ್ಕೆ ಹೋಗುತ್ತೇನೆ, ದಿನಕ್ಕೆ ಎಂಟು ಕೋಣೆ. ನಿಮ್ಮ ತಂಡದ ಹನ್ನೊಂದು ಮಕ್ಕಳು ಗಂಟೆ ಮುಗಿಸಲು ಅಲ್ಲಿಗೇ ಬರುತ್ತಾರೆ. ಮೂವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಒಬ್ಬಳ ತಂದೆ ಮನೆ ಬಾಗಿಲಿಗೇ ಬಂದು ಬೈದು ಹೋದರು. ಕೇಳಿಸಿಕೊಂಡೆ, ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನಿನಗೆ ಹೇಗೆ ಹೇಳಲಿ ಅಂತ ಐದು ದಿನ ಒದ್ದಾಡಿದೆ. ಅಷ್ಟರಲ್ಲಿ ಸುದ್ದಿ ನಿನಗೆ ತಾನಾಗಿಯೇ ಮುಟ್ಟಲಿ ಅನ್ನುವ ದುರಾಸೆಯೂ ಇತ್ತು. ನಿಮ್ಮಪ್ಪ ಇವತ್ತು ಬೂಟು ಬಿಚ್ಚುತ್ತಲೇ ಎಲ್ಲವನ್ನೂ ಕೇಳಿ, ಮತ್ತೊಂದು ಬೂಟು ಬಿಚ್ಚದೆ ಕೂತು ಹೇಳಿದರು, "ಅವಳಿಗೆ ನೀನೇ ಹೇಳು. ಬೇರೆಯವ್ರಿಂದ ಗೊತ್ತಾದ್ರೆ ಎರಡ್ನೇ ಸಲ ಮೋಸ ಮಾಡ್ದಂಗೆ." ಅವರು ಇಷ್ಟು ಉದ್ದ ಮಾತಾಡಿದ್ದು ನಾನು ಕೇಳಿ ವರ್ಷವಾಗಿತ್ತು.

ನಿನ್ನ ಹೋಟೆಲಿನವರು ಮೂರು ತಿಂಗಳು ಕಾಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಯದೆ ಹೋದರೆ ನಿನ್ನ ಕೆಲಸ ಕಳೆದವಳು ನಾನೇ ಆಗುತ್ತೇನೆ. ಈ ಕಾಗದದ ಜೊತೆ ಇನ್ನೊಂದು ಹಾಳೆ ಮಡಿಸಿಟ್ಟಿದ್ದೇನೆ. ಅದು ನಿಮ್ಮ ಮೇಲ್ವಿಚಾರಕಿಗೆ. ಈ ಹುಡುಗಿಗೆ ಹಾಸಿಗೆ ಹಾಸುವುದನ್ನು ತಪ್ಪಾಗಿ ಕಲಿಸಿದವಳು ನಾನು, ಇವಳ ತಾಯಿ. ಇವಳಿಗೆ ನಿಮ್ಮ ಮಹಡಿಯಲ್ಲೇ ಇನ್ನೂರು ಗಂಟೆ ಕಲಿಸಿಕೊಡಿ, ಬೇಗ ಕಲಿಯುತ್ತಾಳೆ ಅಂತ ಬರೆದು ಸಹಿ ಮಾಡಿದ್ದೇನೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಕೊಡಬೇಡ ಅನಿಸಿದರೆ ಮನೆಗೆ ಬಾ, ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸು ಹತ್ತೋಣ. ಮಾತಾಡಲು ಮನಸ್ಸಿಲ್ಲದಿದ್ದರೆ ಬೇರೆ ಸೀಟಿನಲ್ಲಿ ಕೂರು.

ಗೊರಕೆ ನಿಂತಿತು. ನಿಮ್ಮಪ್ಪ ಎದ್ದರು ಅನಿಸುತ್ತದೆ, ಇನ್ನು ಚಹಾ ಕೇಳುತ್ತಾರೆ. ಅಂಚೆ ಡಬ್ಬಿಗೆ ಅವರೇ ಹಾಕಿ ಬರುತ್ತಾರಂತೆ, ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ನಿನ್ನನ್ನು ನೋಡಬೇಕು ಅನಿಸುತ್ತಿದೆ.

ನಿನ್ನ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಇರಲಿಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೈಕಮ್ಮ ನನಗೆ ಫೋನ್ ಮಾಡಿಯೇ ಇಲ್ಲ. ನಿನ್ನ ಮೂರನೆಯ ದಿನ ನಿನಗೆ ಹೇಳದೆ ಊಟದ ಡಬ್ಬಿ ಹಿಡಿದು ನಿನ್ನನ್ನು ನೋಡಲು ಬಂದಿದ್ದೆ. ಅವಳೇ ಹಿಂದಿನ ಲಿಫ್ಟಿನಲ್ಲಿ ನಾಲ್ಕನೆಯ ಮಹಡಿಗೆ ಬಿಟ್ಟುಹೋದಳು. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ಕೇಳಿದಾಗ ನಾನು ಅವಳ ಬೆನ್ನ ಹಿಂದೆ, ಬಟ್ಟೆಯ ಗಾಡಿಯ ಮರೆಯಲ್ಲಿದ್ದೆ. ಎರಡು ಸಲವೂ ಕೇಳಿಸಿತು. ನಾನು ಅಂತ ಹೇಳಲು ಮೂರು ಹೆಜ್ಜೆ ಸಾಕಿತ್ತು. ಡಬ್ಬಿಯನ್ನು ಲಾಂಡ್ರಿಯಲ್ಲಿ ಕೊಟ್ಟು, ಬಂದದ್ದನ್ನು ಹೇಳಬೇಡ ಅಂತ ಮೈಕಮ್ಮನ ಕೈ ಹಿಡಿದುಕೊಂಡು, ಮೆಟ್ಟಿಲಿಳಿದು ಬಂದುಬಿಟ್ಟೆ.